ನಿಂಬೆಹಣ್ಣಿನ ಗೆರೆ

ಇಂಜಿನಿಯರು ಜೀಪಿನ ಮೇಲೆ ರಸ್ತೆಯ ಹೊಸ ನಕ್ಷೆ ಹರಡಿದರು. ಆಸ್ಪತ್ರೆ ಮುಂದೆ ಗುಡಿಸುತ್ತಿದ್ದ ಸಣ್ಣೀರಮ್ಮ ಇಣುಕಿದಳು.

"ರೋಗಿಗಳು ದಾಟೋಕೆ ಜಾಗ ಎಲ್ಲಿ ಸಾಹೇಬ್ರೇ?"

"ಬಿಳಿ ಪಟ್ಟೆ ಬಳಿದ್ರೆ ಗಾಡಿ ನಿಲ್ಲಿಸ್ತಾರೇನಮ್ಮ? ನೀನು ನಿಲ್ಲಿಸಿ ತೋರಿಸು, ಸಿಗ್ನಲ್ಲೇ ಹಾಕಿಸ್ತೀನಿ!"

"ಮಾತಿಗೆ ತಪ್ಪಬಾರದು!"

ಮರುದಿನ ಅಮಾವಾಸ್ಯೆ. ಸಣ್ಣೀರಮ್ಮ ಕುಂಕುಮ ಹಚ್ಚಿದ ನಿಂಬೆಹೋಳುಗಳನ್ನು ರಸ್ತೆಗೆ ಅಡ್ಡಲಾಗಿ ಎರಡು ಸಾಲು ಇಟ್ಟಳು, ನಡುವೆ ದಾರಿ ಬಿಟ್ಟು. ಆಟೋ ನಿಂತಿತು. ಲಾರಿ ನಿಂತಿತು. ಇಂಜಿನಿಯರ ಜೀಪೂ ಗಕ್ಕನೆ ನಿಂತಿತು.

"ಹೋಗಯ್ಯ!" ಎಂದು ಇಂಜಿನಿಯರು ಗದರಿದರು.

"ನಾನು ಹೆಂಡ್ತಿ ಮಕ್ಕಳಿರೋನು. ನೀವೇ ಓಡಿಸಿ ಸಾರ್," ಎಂದು ಡ್ರೈವರ್ ಕೆಳಗಿಳಿದ.

ಇಂಜಿನಿಯರು ನಿಂಬೆಹೋಳು ನೋಡಿದರು. ಕೂತಲ್ಲೇ ಕೂತರು.

ಸಣ್ಣೀರಮ್ಮ ರೋಗಿಗಳನ್ನೆಲ್ಲ ದಾಟಿಸಿದಳು. ಆಮೇಲೆ ಹೋಳುಗಳನ್ನು ಗುಡಿಸಿದಳು.

ಮುಂದಿನ ಅಮಾವಾಸ್ಯೆಯೊಳಗೆ ಅಲ್ಲಿ ಪಟ್ಟೆಯೂ ಬಿತ್ತು, ಸಿಗ್ನಲ್ಲೂ ಬಂತು.