ಕೊಸರಿನ ಬಳೆ

“ಸಾಲ ಇರುವವನು ಸಂತೋಷವಾಗಿರಬಹುದೇ ಗುರುಗಳೇ?” ಎಂದು ಶಿಷ್ಯ ಕೇಳಿದ.

ಕೇಳಿದವನು ಸಂಸಾರಿ. ಮನೆಯ ರಿಪೇರಿಗೆಂದು ಕ್ರೆಡಿಟ್ ಕಾರ್ಡಿನಲ್ಲಿ ಸಾಲ ಮಾಡಿದ್ದ. ಎರಡು ವರ್ಷ ಬಡ್ಡಿಯಿಲ್ಲ, ತಿಂಗಳ ಕಂತು ಮಾತ್ರ ತಪ್ಪಬಾರದು ಎಂಬುದು ಕರಾರು. ಅವನು ಒಂದು ಕಂತನ್ನೂ ತಪ್ಪಿಸಿರಲಿಲ್ಲ. ಕೈಯಲ್ಲಿ ಉಳಿದದ್ದನ್ನೂ ತಂದು ಆ ಸಾಲಕ್ಕೇ ಸುರಿಯುತ್ತಿದ್ದ. ಅವನ ತಾಯಿ ಒಮ್ಮೆ ಸಮುದ್ರ ನೋಡಬೇಕು ಎಂದಿದ್ದರು. ಸಾಲ ತೀರಲಿ ಎಂದಿದ್ದ. ಆಮೇಲೆ ಅವರು ಆ ಮಾತೆತ್ತಲಿಲ್ಲ. ಅದೇ ಅವನನ್ನು ಕೊರೆಯುತ್ತಿತ್ತು.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಊರೂರು ತಿರುಗಿ ಹೆಂಗಸರಿಗೆ ಬಳೆ ತೊಡಿಸುವುದು ಅವನ ಕಸುಬು. ಕೈಯನ್ನು ದೂರದಿಂದ ಕಂಡರೂ ಸಾಕು, ಅಳತೆ ಹೇಳಿಬಿಡುತ್ತಿದ್ದ. ಒಮ್ಮೆ ಹೊಳೆ ದಾಟುವಾಗ ಕಾಲು ಜಾರಿ ಹೆಗಲ ಮೇಲಿದ್ದ ಬಳೆಯೆಲ್ಲ ನೀರುಪಾಲಾಯಿತು. ಅವನು ಪೇಟೆಯ ವರ್ತಕನ ಮುಂದೆ ಹೋಗಿ ನಿಂತ.

“ಸರಕು ತಗೊಂಡು ಹೋಗು. ಆರು ದೀಪಾವಳಿಯೊಳಗೆ ತೀರಿಸು, ಬಡ್ಡಿ ಬೇಡ. ಒಂದು ದಿನ ಮೀರಿದರೆ ಮಾತ್ರ ಮೊದಲಿನಿಂದ ಬಡ್ಡಿ ಹಾಕುತ್ತೇನೆ” ಎಂದ ವರ್ತಕ. ಒಳ್ಳೆಯವನೇ, ಆದರೂ ವರ್ತಕ. ಮನೆಯಲ್ಲಿ ಯಾರಿದ್ದಾರೆಂದು ಕೇಳಿದ. ಐದು ವರ್ಷದ ಮಗಳಿದ್ದಾಳೆ ಎಂದ ಬಳೆಗಾರ. ವರ್ತಕ ಗಂಟು ಕಟ್ಟುವ ಮುನ್ನ ಹಿಡಿಯಷ್ಟು ಚಿಕ್ಕ ಹಸಿರು ಬಳೆಗಳನ್ನು ಮೇಲೆ ಹಾಕಿದ. ಅದು ಕೊಸರು, ಲೆಕ್ಕಕ್ಕೆ ಸೇರದ್ದು. ಮುಂದೆ ಸರಕಿಗೆಂದು ಬಂದಾಗಲೆಲ್ಲ ಹಾಗೆಯೇ ಹಾಕಿದ.

ಮನೆಯಲ್ಲಿ ಗಂಟು ಬಿಚ್ಚಿದಾಗ ಮಗಳು ಎರಡೂ ಕೈ ಚಾಚಿದಳು. “ಅಪ್ಪಾ, ನಂಗೂ ತೊಡಿಸು.”

“ಮುಟ್ಟಬೇಡ ಮಗಳೇ, ಸಾಲದ ಸರಕು. ಸಾಲ ತೀರಲಿ, ಮೊಣಕೈ ತನಕ ತೊಡಿಸ್ತೀನಿ.”

ಕೊಸರು ಯಾವ ಸಾಲದ ಸರಕು? ಅದು ಅವನಿಗೂ ಗೊತ್ತಿತ್ತು. ಆದರೆ ಸಾಲ ಎಂದರೆ ಅವನಿಗೆ ಮೈಮೇಲೆ ಚೇಳು ಹರಿದಂತಾಗುತ್ತಿತ್ತು. ಕೊಸರಿನ ಬಳೆಯನ್ನೂ ಮಾರಿ ಸಾಲಕ್ಕೆ ಕಟ್ಟಿದ. ಹಬ್ಬಕ್ಕೆ ಹೋಳಿಗೆ ಬೇಡವೆಂದ. ನಾದಿನಿಯ ಮದುವೆಗೆ ಹೆಂಡತಿಯನ್ನು ಕಳಿಸಲಿಲ್ಲ. ಎಲ್ಲದಕ್ಕೂ ಅವನ ಬಳಿ ಒಂದೇ ಉತ್ತರವಿತ್ತು: ಸಾಲ ತೀರಲಿ.

ಮೊದಮೊದಲು ಮಗಳು ಅವನು ಬರುವ ಹೊತ್ತಿಗೆ ಬಾಗಿಲಲ್ಲಿ ಕೈ ಚಾಚಿ ನಿಲ್ಲುತ್ತಿದ್ದಳು. ಬರಬರುತ್ತಾ ಗಂಟಿನ ಕಡೆ ನೋಡುವುದನ್ನೇ ಬಿಟ್ಟಳು. ಮಗುವಿಗೆ ತಿಳಿವಳಿಕೆ ಬಂತು ಎಂದು ಅವನು ಹಿಗ್ಗಿದ. ಅಯ್ಯೋ, ಅಂಥ ಹಿಗ್ಗು ಹಗೆಯವನಿಗೂ ಬೇಡ.

ಐದನೆಯ ದೀಪಾವಳಿಗೇ ಸಾಲ ತೀರಿತು. ಕೊನೆಯ ಹಣವನ್ನು ವರ್ತಕನ ಮುಂದಿಟ್ಟು ಬಳೆಗಾರ ಎದೆಯುಬ್ಬಿಸಿ ನಿಂತ.

“ಇನ್ನೂ ಒಂದು ವರ್ಷ ಇತ್ತಲ್ಲಯ್ಯಾ. ಮುಂಚೆ ಕೊಟ್ಟವರಿಗೆ ನಾನೇನೂ ಬಹುಮಾನ ಇಟ್ಟಿಲ್ಲ” ಎಂದು ವರ್ತಕ ನಕ್ಕ. ಆಮೇಲೆ, “ಕೊಸರಿನ ಬಳೆ ಮಗಳ ಕೈಗೆ ಸರಿಹೋಗುತ್ತಿತ್ತಾ?” ಎಂದು ಕೇಳಿದ.

ಬಳೆಗಾರ ತಲೆ ತಗ್ಗಿಸಿದ. “ಮಾರಿದೆ. ಇವತ್ತು ಒಯ್ಯುತ್ತೇನೆ. ನನ್ನ ದುಡ್ಡಿಗೇ ಕೊಡಿ.”

ವರ್ತಕ ಹಸಿರು ಬಳೆಗಳನ್ನು ಆರಿಸಿ ಕೊಟ್ಟ. ಬಳೆಗಾರ ನೋಡಿ, “ಇದು ದೊಡ್ಡದಾಯಿತು. ಅವಳ ಕೈ ಚಿಕ್ಕದು” ಎಂದು ತಾನೇ ಬೇರೆ ಆರಿಸಿಕೊಂಡ. ವರ್ತಕ ಅವನ ಮುಖವನ್ನೇ ನೋಡಿದ.

ಬಳೆಗಾರ ಓಡೋಡುತ್ತಾ ಮನೆಗೆ ಬಂದು ಮಗಳನ್ನು ಕರೆದು ಕೂರಿಸಿದ. ಅವಳು ಕೈ ಕೊಟ್ಟಳು. ಬಳೆ ಬೆರಳು ದಾಟಿ ಗೆಣ್ಣಿನ ಹತ್ತಿರ ನಿಂತಿತು. ಅದುಮಿದ. ಬಳೆ ಒಡೆಯಿತು. ಇನ್ನೊಂದು ತೆಗೆದ. ಅದೂ ಅಲ್ಲಿಯೇ ನಿಂತಿತು. ಊರೂರ ಹೆಂಗಸರ ಕೈಯಳತೆ ಬಲ್ಲವನಿಗೆ ತನ್ನ ಮಗಳ ಕೈ ಬೆಳೆದದ್ದು ಗೊತ್ತಿರಲಿಲ್ಲ.

“ಬಿಡಪ್ಪ, ಆಗ ಆಸೆ ಇತ್ತು. ಈಗ ಕೈಯಲ್ಲಿ ಬಳೆ ಇದ್ರೆ ಪಾತ್ರೆ ತೊಳೆಯೋಕೆ ತೊಡಕು” ಎಂದು ಅವಳು ಎದ್ದು ಒಳಗೆ ಹೋದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಅವನು ಸಮಾಧಾನ ಮಾಡಬಹುದಿತ್ತು. ಒಡೆದ ಚೂರುಗಳನ್ನು ಆರಿಸುತ್ತಾ ಅವನು ಅತ್ತ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಸಾಲ ಮಾಡಿಯಾದರೂ ತುಪ್ಪ ತಿನ್ನಬೇಕೇ?” ಎಂದು ಶಿಷ್ಯ ಕೇಳಿದ.

“ನಾನೆಲ್ಲಿ ಹಾಗೆಂದೆ? ಕಂತನ್ನು ಮೊದಲು ಕಟ್ಟು. ಗಡುವನ್ನು ಮೀರಬೇಡ. ಕೊಸರನ್ನು ಮಾತ್ರ ಮಾರಬೇಡ.”

ಶಿಷ್ಯ ಬೆರಳು ಮಡಚಿ ತಿಂಗಳು ಎಣಿಸಿದ. “ನನ್ನದು ಇನ್ನೊಂದು ವರ್ಷದ ಮಾತು ಗುರುಗಳೇ. ಸಾಲ ತೀರಿದ ಮರುದಿನವೇ ಅಮ್ಮನನ್ನು ಸಮುದ್ರಕ್ಕೆ ಕರೆದುಕೊಂಡು ಹೋಗುತ್ತೇನೆ.”

“ಸಾಲಕ್ಕೆ ಗಡುವು ಕೊಟ್ಟವರಿದ್ದಾರೆ, ನಿನ್ನ ತಾಯಿಗೆ ಯಾರು ಕೊಟ್ಟಿದ್ದಾರಪ್ಪ?” ಎಂದರು ಗುರುಗಳು.