ನೀರುಗಂಟಿಯ ಗುದ್ದಲಿ

"ಗುರುಗಳೇ, ನಮ್ಮ ಪಂಚಾಯ್ತಿ ಅಧ್ಯಕ್ಷರ ವಿರುದ್ಧ ವೋಟು ಹಾಕಿ ಬಂದೆ. ಅವರು ಸೋತರು. ಪತ್ರಿಕೆಯಲ್ಲಿ ಅವರ ಬಗ್ಗೆ ದಿನವೂ ಬರುತ್ತಿದ್ದುದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೂ ಯಾಕೋ ಮನಸ್ಸಿಗೆ ಸಮಾಧಾನವಿಲ್ಲ. ನಾನು ತಪ್ಪು ಮಾಡಿದೆನೇ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನ ಗದ್ದೆ ಕೆರೆಯ ಕಾಲುವೆಯ ಕೊನೆಯಲ್ಲಿತ್ತು. ಊರಿನ ಗದ್ದೆಗಳಿಗೆಲ್ಲ ಕೆರೆಯ ನೀರು ಹಂಚುವ ನೀರುಗಂಟಿ ಅವನ ಪಕ್ಕದ ಮನೆಯವನು. ಎರಡು ಮನೆಗೂ ನಡುವೆ ಒಂದೇ ಗೋಡೆ. ಕೊನೆಯ ಗದ್ದೆಯೆಂದು ನೀರುಗಂಟಿ ಎಂದೂ ತಾತ್ಸಾರ ಮಾಡಿದವನಲ್ಲ. ರೈತನ ಭತ್ತ ಒಂದು ವರ್ಷವೂ ಒಣಗಿರಲಿಲ್ಲ.

ಆ ಊರಿನ ವರ್ತಕನೊಬ್ಬನಿಗೆ ಕಾಲುವೆಯ ನಡುಭಾಗದಲ್ಲಿ ಕಬ್ಬಿನ ತೋಟವಿತ್ತು. ನೀರುಗಂಟಿಯ ಕೆಲಸ ತನ್ನ ಭಾವಮೈದುನನಿಗೆ ಸಿಗಲೆಂದು ಅವನ ಆಸೆ. ಹಾಗೆಂದು ಅವನು ಯಾರ ಮೇಲೂ ಚಾಡಿ ಹೇಳಲಿಲ್ಲ. ಡಂಗುರದವನನ್ನು ಕರೆದು, ಹೊಟ್ಟೆ ತುಂಬ ಊಟ ಹಾಕಿ, ಏನು ಸಾರಬೇಕೆಂದು ಹೇಳಿಕೊಟ್ಟ, ಅಷ್ಟೆ.

ಮರುದಿನದಿಂದ ಡಂಗುರದವನು ಚಾವಡಿಯ ಮುಂದೆ ನಿಂತು ಸಾರತೊಡಗಿದ: "ನಿನ್ನೆಯೂ ತೂಬಿನ ಹತ್ತಿರದ ಗದ್ದೆಗೇ ಮೊದಲು ನೀರು! ಕೊನೆಯ ಗದ್ದೆಗೆ ಎಲ್ಲರದೂ ಆದ ಮೇಲೆ!"

ಮಾತು ನಿಜವೇ. ಕೆರೆ ಕಟ್ಟಿದಂದಿನಿಂದ ನೀರು ಹರಿದದ್ದೇ ಹಾಗೆ. ಕಾಲುವೆಯ ನೀರು ಇನ್ನು ಹೇಗೆ ಹರಿದೀತು? ಮೊದಮೊದಲು ರೈತ ನಕ್ಕ. ಕೇಳಿ ಕೇಳಿ ನಗು ನಿಂತಿತು. ಆಮೇಲೆ ಡಂಗುರ ಕೇಳದಿದ್ದರೆ ಅವನ ಗಂಟಲಲ್ಲಿ ಗಂಜಿ ಇಳಿಯದಾಯಿತು. ಪಾದ ಮುಳುಗುವಷ್ಟು ನೀರಿದ್ದ ತನ್ನ ಗದ್ದೆಯಲ್ಲೇ ನಿಂತು, "ಎಲ್ಲರದೂ ಆಗಿ ಮಿಕ್ಕದ್ದು ತಾನೇ ನನಗೆ" ಎಂದು ಪಾಪ, ಹಲ್ಲು ಕಡಿದ. ಗೋಡೆಯಾಚೆಗಿದ್ದ ನೀರುಗಂಟಿಯನ್ನು ಮಾತ್ರ ಒಮ್ಮೆಯೂ ಹೋಗಿ ಕೇಳಲಿಲ್ಲ.

ವರ್ಷಕ್ಕೊಮ್ಮೆ ಊರವರು ಕೆರೆಯ ಏರಿಯ ಮೇಲೆ ಸೇರುತ್ತಿದ್ದರು. ನೀರುಗಂಟಿ ತನ್ನ ಗುದ್ದಲಿಯನ್ನು ದಾರಿಯಲ್ಲಿ ಇಡುವನು. ಅವನೇ ಇರಲಿ ಎನ್ನುವವರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗಬೇಕು. ಬೇಡವೆನ್ನುವವರು ಮುಟ್ಟದೆ ದಾಟಬೇಕು. ಆ ವರ್ಷ ರೈತ ಮುಟ್ಟದೆ ದಾಟಿದ. ನೀರುಗಂಟಿ ಅವನ ಮುಖ ನೋಡಿದ. ರೈತ ನೋಡಲಿಲ್ಲ. ಅವನ ಹಿಂದೆ ಬಂದವರೂ ಹಾಗೆಯೇ ದಾಟಿದರು.

ಕೆಲಸ ವರ್ತಕನ ಭಾವಮೈದುನನಿಗೆ ಹೋಯಿತು. ಅವನು ಕಬ್ಬಿನ ತೋಟದ ಬಳಿ ಕಾಲುವೆಗೆ ಅಡ್ಡ ಮಣ್ಣು ಹಾಕಿದ. ರೈತನ ಗದ್ದೆ ಬಿರುಕು ಬಿಟ್ಟಿತು. ಡಂಗುರದವನು ಆಗ ಪಕ್ಕದೂರಿನ ಮದುವೆಯ ವೈಭವ ಸಾರುತ್ತಿದ್ದ.

"ನನ್ನ ಗದ್ದೆ ಒಣಗಿದ್ದು ಯಾಕಯ್ಯಾ ಸಾರಲಿಲ್ಲ?" ಎಂದು ರೈತ ಅವನ ಮೇಲೆ ಹರಿಹಾಯ್ದ.

"ಯಜಮಾನ್ರೇ, ನಾನು ಸಾರಿದ್ದರಲ್ಲಿ ಒಂದು ಸುಳ್ಳು ತೋರಿಸಿ ನೋಡೋಣ" ಎಂದ ಡಂಗುರದವನು.

ರೈತ ಊರಿಗೆ ಹಿಂದಿರುಗಿದ. ತಪ್ಪಾಯಿತು ಎಂದು ಹೇಳಲು ಪಕ್ಕದ ಮನೆಗೆ ಹೋದ. ಬಾಗಿಲಿಗೆ ಬೀಗ ಬಿದ್ದಿತ್ತು. ನೀರುಗಂಟಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಎಂದೋ ಊರು ಬಿಟ್ಟಿದ್ದ. ನಾಚಿಕೆಯಿಂದ ಆ ಕಡೆ ತಲೆಯೆತ್ತದೆ ಓಡಾಡುತ್ತಿದ್ದ ರೈತನಿಗೆ ಅದೂ ತಿಳಿದಿರಲಿಲ್ಲ. ಮುಚ್ಚಿದ ಬಾಗಿಲ ಮುಂದೆ ಕುಳಿತು ಅವನು ಅತ್ತ.

"ಹಾಗಾದರೆ ತಪ್ಪೆಲ್ಲ ಡಂಗುರದವನದೇ ಅಲ್ಲವೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನೇ ನೋಡಿ ಕೇಳಿದರು: "ನಿಮ್ಮ ಅಧ್ಯಕ್ಷರ ಮನೆ ನಿನ್ನ ಮನೆಯಿಂದ ಎಷ್ಟು ದೂರ, ಮಗು?"