ಕುದುರೆ ದಿನವಿಡೀ ಮೇಯುವುದೇಕೆ?

ಭೂಮಿ ಹೊಸದಾಗಿದ್ದ ಕಾಲ, ನದಿಗಳಿಗೆ ಇನ್ನೂ ದಾರಿ ಸರಿಯಾಗಿ ಗೊತ್ತಿರದಿದ್ದ ಕಾಲ. ಆಗ ಆಕಳು ಕಾಯುವುದರಲ್ಲಿ ಸಂಕವ್ವನನ್ನು ಮೀರಿಸುವವರೇ ಇರಲಿಲ್ಲ. ಅದು ಸಂಕವ್ವನಿಗೂ ಚೆನ್ನಾಗಿ ಗೊತ್ತಿತ್ತು! ಮೊಟ್ಟಮೊದಲ ಕುದುರೆ ಹುಟ್ಟಿದಾಗ ಎಲ್ಲರೂ ಅದನ್ನು ಅವಳ ಕೈಗೇ ಒಪ್ಪಿಸಿದರು.

ಕುದುರೆಗೋ ಅವಳಿಗಿಂತ ಹೆಚ್ಚು ಜಂಬ. "ನಿನ್ನ ಓಟದಾಗ ಸೋಲಸ್ತೀನಿ" ಎಂದು ಗಾಳಿಗೇ ಸವಾಲು ಹಾಕಿತು.

"ಹುಣ್ಣಿಮಿ ದಿನ ಬಾ. ಸೋತ್ರ ಈ ಹುಲ್ಲುಗಾವಲು ಬಿಟ್ಟು ಹೋಗಬೇಕು" ಎಂದಿತು ಗಾಳಿ.

ಸಂಕವ್ವ ಕುದುರೆಯನ್ನೂ ಆಕಳಂತೆಯೇ ಸಾಕಿದಳು. ಬೆಳಿಗ್ಗೆ ಬುಟ್ಟಿ ತುಂಬ ಹುರುಳಿ, ಸಂಜೆ ಬುಟ್ಟಿ ತುಂಬ ಹುರುಳಿ. ನಡುವೆ ಇಡೀ ದಿನ ನೆರಳಲ್ಲಿ ಕಟ್ಟಿ, "ಇನ್ನ ಮೆಲುಕು ಹಾಕು ನನ್ನಪ್ಪಾ" ಎನ್ನುತ್ತಿದ್ದಳು. ಕುದುರೆ ಮೆಲುಕು ಹಾಕಲೇ ಇಲ್ಲ.

ಬರಬರುತ್ತ ಅದರ ಮೈಹೊಳಪು ಮಾಸಿತು. ಹುರುಳಿ ಬುಟ್ಟಿಯಲ್ಲೇ ಉಳಿಯತೊಡಗಿತು. ಸುಮ್ಮನೆ ನಿಂತಲ್ಲೇ ಹಲ್ಲು ಕಡಿಯುತ್ತಿತ್ತು. ಬೆನ್ನಿಗೆ ಕಂಬಳಿ ಹಾಕಿ ಹೊಟ್ಟೆಗೆ ಪಟ್ಟಿ ಬಿಗಿದರೆ ಕಿವಿ ಹಿಂದೆ ಮಡಚಿ ಕಚ್ಚಲು ಬರುತ್ತಿತ್ತು.

"ಏನಾಗೇತಿ ನಿನಗ?"

"ಏನಿಲ್ಲವ್ವಾ. ನನಗೇನಾಗತೈತಿ?"

ಸಂಕವ್ವ ಆ ಮಾತು ನಂಬಲಿಲ್ಲ. ಕುದುರೆಯ ಹೊಟ್ಟೆಗೆ ಕಿವಿ ಹಚ್ಚಿದಳು. ಒಳಗಿಂದ ಹೊಟ್ಟೆಯೇ ಮಾತಾಡಿತು:

"ನಾ ಆಕಳ ಹೊಟ್ಟಿ ಅಲ್ಲವ್ವಾ. ನನ್ನೊಳಗ ಹುಳಿ ಹಗಲೂ ಊರತೈತಿ, ರಾತ್ರಿನೂ ಊರತೈತಿ. ಹುಲ್ಲು ಅಗಿದಾಗ ಇಳಿಯೋ ಜೊಲ್ಲೇ ಅದಕ್ಕ ತಂಪು. ಬರಿದಾಗಿ ಇಟ್ರ ಆ ಹುಳಿ ನನ್ನನ್ನೇ ಸುಡತೈತಿ. ಈಗ ಹುಣ್ಣಾಗೇತಿ."

ಸಂಕವ್ವನಿಗೆ ತಲೆ ತಗ್ಗಿಸುವಂತಾಯಿತು. ಎಲ್ಲ ಬಲ್ಲೆ ಎಂಬ ಹಮ್ಮೇ ಅವಳ ಕಣ್ಣು ಕಟ್ಟಿತ್ತು. ತಕ್ಷಣ ಹಗ್ಗ ಬಿಚ್ಚಿದಳು. ಗಾಳಿಯನ್ನು ಕರೆದು, "ಪಂದ್ಯ ಈ ಹುಣ್ಣಿಮಿಗೆ ಬ್ಯಾಡ, ಇನ್ನೆರಡು ಹುಣ್ಣಿಮಿ ಕಳೀಲಿ" ಎಂದಳು.

"ಹೆದರಿದೇನು?" ಗಾಳಿ ನಕ್ಕಿತು.

ಕುದುರೆ ಕಾಲು ಅಪ್ಪಳಿಸಿತು. "ನನ್ನ ಮಾನ ಕಳೀಬ್ಯಾಡವ್ವಾ!"

"ಮಾನ ಎಲ್ಲಿಗೂ ಹೋಗೂದಿಲ್ಲ. ಹೊಟ್ಟ್ಯಾಗ ಹುಣ್ಣೈತಿ. ಸುಮ್ನ ಮೇಯಿ!"

ಕುದುರೆ ಗೊಣಗುತ್ತಲೇ ಮೇಯಿತು. ಬೆಳಗಿನಿಂದ ಬೈಗಿನವರೆಗೆ, ಬೈಗಿನಿಂದ ಬೆಳಗಿನವರೆಗೆ ಮೇಯಿತು. ಹುಣ್ಣು ಮಾಯಿತು, ಮೈ ಮತ್ತೆ ಮಿರಿಮಿರಿ ಮಿಂಚಿತು.

ಪಂದ್ಯದ ದಿನ ಕಾಡಿಗೆ ಕಾಡೇ ನೆರೆದಿತ್ತು. ಗಾಳಿ ಅವಸರದಿಂದ ಸುತ್ತುತ್ತಿತ್ತು. ಸಂಕವ್ವ ಮಾತ್ರ ಒಂದು ಹಿಡಿ ಹುಲ್ಲು ಹಿಡಿದು ನಿಂತಳು. "ಬರಿಹೊಟ್ಟೀಲೆ ನನ್ನ ಮಗಾ ಓಡೂದಿಲ್ಲ!"

ಕುದುರೆ ಎಲ್ಲರೆದುರು ನಿಧಾನವಾಗಿ ಹುಲ್ಲು ಅಗಿದು ನುಂಗಿತು. ಆಮೇಲೆ ಓಡಿತು ನೋಡಿ! ಗಾಳಿ ಏದುಸಿರು ಬಿಡುತ್ತ ಪಂದ್ಯದ ಗುರಿಯಾಗಿದ್ದ ಗುಡ್ಡ ಮುಟ್ಟಿದಾಗ, ಅಲ್ಲಿ ಕುದುರೆ ಆಗಲೇ ಮೇಯುತ್ತಿತ್ತು. "ಅಂವ ನನ್ನ ಕುದುರಿ!" ಎಂದು ಸಂಕವ್ವ ಎದೆಯುಬ್ಬಿಸಿ ಕೂಗಿದಳು.

ಅದಕ್ಕೇ ಕಂದಾ, ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಕುದುರೆ ತಲೆ ಬಗ್ಗಿಸಿ ಮೇಯುವುದನ್ನು ಕಂಡರೆ ಹೊಟ್ಟೆಬಾಕ ಅನ್ನಬೇಡ. ಗಾಳಿಯನ್ನು ಗೆದ್ದ ಹೊಟ್ಟೆಯನ್ನು ಅದು ಇಂದಿಗೂ ಕಾಯುತ್ತಿದೆ.